ಹತ್ತು-ಹದಿನೈದು ರೂಪಾಯಿ ಸೆಲ್ಲು ಎಲ್ಲಿ ಸಾಕು, ಎಲ್ಲಿ ಸಾಲದು

ಮಲೆನಾಡಿನ ಹಳ್ಳಿಗಳಲ್ಲಿ 'ಬ್ಯಾಟರಿ' ಅಂದರೆ ಟಾರ್ಚು, ಅದರ ಹೊಟ್ಟೆಗೆ ಹಾಕುವುದು ಸೆಲ್ಲು. ಆರಿದ್ರಾ ಮಳೆ ಹಿಡಿದು, ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದ ರಾತ್ರಿ ಬ್ಯಾಟರಿ ಗೂಟದಲ್ಲೇ ನೇತಾಡುತ್ತಿರುತ್ತದೆ, ಸೆಲ್ಲು ಮಾತ್ರ ಸತ್ತಿರುತ್ತದೆ. ಶರಾವತಿಯ ನೀರಿನಿಂದ ನಾಡಿಗೆಲ್ಲ ವಿದ್ಯುತ್ ಕಳಿಸುವ ಶಿವಮೊಗ್ಗ ಜಿಲ್ಲೆಯಲ್ಲಿ ಸೆಲ್ಲಿನ ವ್ಯಾಪಾರ ಇನ್ನೂ ಕುಂದಿಲ್ಲ ಅನ್ನುವುದೇ ಒಂದು ತಮಾಷೆ. ಗೋಡೆ ಗಡಿಯಾರ, ಟಿವಿ ರಿಮೋಟು, ಗ್ಯಾಸ್ ಗೀಸರ್, ಬಿಪಿ ಮೆಷಿನ್ನು, ಶುಗರ್ ನೋಡುವ ಮೀಟರು, ಮಕ್ಕಳ ಆಟದ ಕಾರು ಎಲ್ಲ ಎಣಿಸಿದರೆ ಒಂದು ಸಾಧಾರಣ ಮನೆಯಲ್ಲಿ ಹತ್ತು-ಹದಿನೈದು ಸೆಲ್ಲು ಸದಾ ಕೆಲಸದಲ್ಲಿರುತ್ತವೆ.

'ಕಡಿಮೆಗೆ ಸೆಲ್ಲು ಎಲ್ಲಿ ಸಿಗುತ್ತದೆ?' ಎಂದು ಕೇಳುವವರಿಗೆ ಮೊದಲು ಕೇಳಬೇಕಾದ್ದು 'ಯಾವುದಕ್ಕೆ?' ಎಂದು. ಗಡಿಯಾರಕ್ಕೆ ಅಗ್ಗವಾದ ಸೆಲ್ಲು ಬಿಪಿ ಮೆಷಿನ್ನಿಗೆ ದುಬಾರಿ. ಇದು ಹೇಗೆಂದು ತಿಳಿಯಬೇಕಾದರೆ ಸೆಲ್ಲಿನ ಒಳಗೆ ಸ್ವಲ್ಪ ಇಣುಕಬೇಕು.

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಎರಡು ಜಾತಿ. ಒಂದು ಜಿಂಕ್ ಕಾರ್ಬನ್, ಹತ್ತು-ಹದಿನೈದು ರೂಪಾಯಿಯ ಅಗ್ಗದ್ದು. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ರೂಪಿಸಿದ ಕೋಶದ ವಂಶದ್ದು. ಇದರಲ್ಲಿ ಸತುವಿನ ಡಬ್ಬಿಯೇ ಋಣ ತುದಿ, ನಡುವೆ ಕಾರ್ಬನ್ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕರಿ. ಕರೆಂಟು ಕೊಡುತ್ತಾ ಕೊಡುತ್ತಾ ಡಬ್ಬಿ ತನ್ನನ್ನೇ ತಾನು ತಿನ್ನುತ್ತದೆ. ಮುಗಿದ ಸೆಲ್ಲು ಸೋರುವುದು ಇದರಿಂದಲೇ: ಪಾತ್ರೆಗೇ ತೂತು ಬಿದ್ದಿರುತ್ತದೆ. ಇನ್ನೊಂದು ಆಲ್ಕಲೈನ್. ಇದರಲ್ಲಿ ಸತು ಪುಡಿಯಾಗಿ ಒಳಗಿರುತ್ತದೆ, ಹೊರಗಿನದು ಉಕ್ಕಿನ ಡಬ್ಬಿ, ನಡುವೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಕ್ಷಾರ. ತಗಡಿಗಿಂತ ಪುಡಿಗೆ ಮೈ ಜಾಸ್ತಿ, ಹಾಗಾಗಿ ಒಂದೇ ಸಲಕ್ಕೆ ಹೆಚ್ಚು ಕರೆಂಟು ಕೊಡಬಲ್ಲದು.

ಬಾವಿಯ ಒರತೆ ನೆನಪಿಸಿಕೊಳ್ಳಿ. ಜಿಂಕ್ ಕಾರ್ಬನ್ ಅಂದರೆ ಸಣ್ಣ ಒರತೆಯ ಬಾವಿ. ದಿನಕ್ಕೆರಡು ಕೊಡ ಸೇದಿದರೆ ಬೇಸಿಗೆಯಿಡೀ ನಡೆಯುತ್ತದೆ; ಪಂಪು ಇಟ್ಟರೆ ಹತ್ತು ನಿಮಿಷಕ್ಕೆ ತಳ ಕಾಣುತ್ತದೆ, ಆದರೆ ಒಂದು ರಾತ್ರಿ ಬಿಟ್ಟರೆ ಮತ್ತೆ ಎರಡು ಕೊಡ ಒಸರಿರುತ್ತದೆ. ಆಲ್ಕಲೈನ್‌ಗೆ ಒರತೆ ಜೋರು, ಪಂಪು ತಡೆಯುತ್ತದೆ.

ಈಗ ಯಾವ ಯಂತ್ರ ಎಷ್ಟು ಸೇದುತ್ತದೆ ನೋಡೋಣ. ಗೋಡೆ ಗಡಿಯಾರ ಸರಾಸರಿ ಒಂದು ಮಿಲಿ ಆಂಪಿಯರಿನ ಹತ್ತನೇ ಒಂದು ಭಾಗದ ಆಸುಪಾಸು. ವರ್ಷಕ್ಕೆ 8,760 ಗಂಟೆ, ಅಂದರೆ ಸುಮಾರು 880 ಮಿಲಿ ಆಂಪಿಯರ್-ಅವರ್ (ಎಳೆದ ಕರೆಂಟನ್ನು ಗಂಟೆಗಳಿಂದ ಗುಣಿಸಿದ ಲೆಕ್ಕ). ಇಷ್ಟು ನಿಧಾನವಾಗಿ ಸೇದಿದರೆ ಹೊಸ ಜಿಂಕ್ ಕಾರ್ಬನ್ ಪೆನ್ಸಿಲ್ ಸೆಲ್ಲು ಒಂದು ವರ್ಷ ತೂಗಿಸುತ್ತದೆ, ಆಲ್ಕಲೈನ್ ಎರಡೂವರೆ-ಮೂರು ವರ್ಷ. ಬೆಲೆಯೂ ಹೆಚ್ಚುಕಡಿಮೆ ಮೂರು ಪಟ್ಟು, ಬಾಳಿಕೆಯೂ ಮೂರು ಪಟ್ಟು. ಲಾಭ ಏನೂ ಇಲ್ಲ. ಬಿಪಿ ಮೆಷಿನ್ನಿನ ಕಥೆ ಬೇರೆ. ಪಟ್ಟಿಗೆ ಗಾಳಿ ತುಂಬುವ ಪುಟ್ಟ ಮೋಟಾರು ಅರ್ಧ ಆಂಪಿಯರ್, ಅಂದರೆ 500 ಮಿಲಿ ಆಂಪಿಯರ್ ಸುಮಾರಿಗೆ ಎಳೆಯುತ್ತದೆ. ಆ ಎಳೆತಕ್ಕೆ ಆಲ್ಕಲೈನ್ ಸಾವಿರಕ್ಕೂ ಮಿಕ್ಕಿ ಮಿಲಿ ಆಂಪಿಯರ್-ಅವರ್ ಕೊಟ್ಟರೆ ಜಿಂಕ್ ಕಾರ್ಬನ್ ಇನ್ನೂರು-ಮುನ್ನೂರಕ್ಕೇ ಏದುಸಿರು ಬಿಡುತ್ತದೆ. ಮೂರು ಪಟ್ಟು ಬೆಲೆಗೆ ಐದು ಪಟ್ಟು ಕೆಲಸ. ಹೊಸ ಸೆಲ್ಲು ಹಾಕಿದ ವಾರಕ್ಕೇ ಮೆಷಿನ್ನು ಖಾಲಿ ಬ್ಯಾಟರಿಯ ಚಿತ್ರ ತೋರಿಸಿದರೆ ಮೆಷಿನ್ನು ಕೆಟ್ಟಿದೆ ಅಂದುಕೊಳ್ಳುವ ಮೊದಲು ಸೆಲ್ಲಿನ ಜಾತಿ ನೋಡಿ. ಮೋಟಾರಿರುವ ಆಟಿಕೆಗೂ ಇದೇ ಮಾತು. ರಿಮೋಟಿಗೆ ಯಾವುದಾದರೂ ನಡೆಯುತ್ತದೆ.

ಜಾತಿ ಗುರುತಿಸುವಲ್ಲೇ ಹೆಚ್ಚಿನವರು ಎಡವುವುದು. 'ಹೆವಿ ಡ್ಯೂಟಿ', 'ಸೂಪರ್ ಹೆವಿ ಡ್ಯೂಟಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಅದು ಜಿಂಕ್ ಕಾರ್ಬನ್ ಕುಲದ್ದೇ; ಹೆಸರಿಗಷ್ಟೇ ಭಾರಿ ಕೆಲಸ. ಆಲ್ಕಲೈನ್ ಆಗಿದ್ದರೆ 'ಆಲ್ಕಲೈನ್' ಎಂದೇ ಬರೆದಿರುತ್ತಾರೆ, ಅಷ್ಟು ಬೆಲೆಯ ಮಾಲಿಗೆ ಯಾರೂ ಆ ಮಾತು ಮುಚ್ಚಿಡುವುದಿಲ್ಲ. ಇನ್ನೂ ಖಚಿತ ಬೇಕಾದರೆ ಸಣ್ಣಕ್ಷರದ ಸಂಕೇತ ಓದಿ: ಆರ್6 ಅಂದರೆ ಜಿಂಕ್ ಕಾರ್ಬನ್ ಪೆನ್ಸಿಲ್ ಸೆಲ್ಲು, ಎಲ್‌ಆರ್6 ಅಂದರೆ ಅದೇ ಅಳತೆಯ ಆಲ್ಕಲೈನ್, ಎಚ್‌ಆರ್6 ಅಂದರೆ ರೀಚಾರ್ಜ್ ಆಗುವ ನಿಕ್ಕೆಲ್ ಸೆಲ್ಲು. ಸಣ್ಣ ಪೆನ್ಸಿಲ್ ಸೆಲ್ಲಿಗೆ 6ರ ಬದಲು 03, ಟಾರ್ಚಿನ ದೊಡ್ಡ ಸೆಲ್ಲಿಗೆ 20. ಕೈಯಲ್ಲಿ ಹಿಡಿದರೂ ತಿಳಿಯುತ್ತದೆ. ಆಲ್ಕಲೈನ್ ಪೆನ್ಸಿಲ್ ಸೆಲ್ಲು 23 ಗ್ರಾಂ ಆಸುಪಾಸು ತೂಗಿದರೆ ಜಿಂಕ್ ಕಾರ್ಬನ್ 15ರಿಂದ 18. ಆಲ್ಕಲೈನ್ ಎಂದು ಬರೆದ ಸೆಲ್ಲು ಪೊಳ್ಳು ಅಡಿಕೆಯಂತೆ ಹಗುರಾಗಿದ್ದರೆ ನಕಲಿ ಅನ್ನಿ.

ಕೊಳ್ಳುವ ಜಾಗದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಂಥ ಕಡೆ ಸಗಟು ಮಾರುವ ಅಂಗಡಿಯಲ್ಲಿ ಹತ್ತರ ಬಾಕ್ಸೇ ತೆಗೆದರೆ ಎಂಆರ್‌ಪಿಗಿಂತ ಎರಡು ಕಾಸು ಬಿಡುತ್ತಾರೆ. ಊರಿನ ಅಂಗಡಿಯಲ್ಲಿ ಒಂದೊಂದೇ ಕೊಂಡರೆ ಬಿಡುವುದಿಲ್ಲ. ಆದರೆ ವರ್ಷಕ್ಕೆ ನಾಲ್ಕು ಸೆಲ್ಲು ಖರ್ಚಾಗುವ ಮನೆಗೆ ಇಪ್ಪತ್ತರ ಪ್ಯಾಕು ಉಳಿತಾಯವಲ್ಲ. ಜಿಂಕ್ ಕಾರ್ಬನ್ ಎರಡು-ಮೂರು ವರ್ಷಕ್ಕೆ ಕಪಾಟಿನಲ್ಲೇ ಮುದಿಯಾಗುತ್ತದೆ, ಆಲ್ಕಲೈನ್ ಐದರಿಂದ ಹತ್ತು ವರ್ಷ ತಡೆಯುತ್ತದೆ. ಅದಕ್ಕೇ ತಾರೀಖು ನೋಡದೆ ಕೊಳ್ಳಬೇಡಿ. ಒಳಹಳ್ಳಿಯ ಅಂಗಡಿಗಳಲ್ಲಿ ಗಾಜಿನ ಬಾಟಲಿಯ ಹಿಂದೆ ಎರಡು ಮಳೆಗಾಲ ಕಂಡ ಸೆಲ್ಲುಗಳು ಕೂತಿರುತ್ತವೆ. ತಯಾರಾದ ತಿಂಗಳು ಇತ್ತೀಚಿನದಾಗಿರಬೇಕು, ತುದಿಯ ತಗಡು ಹೊಳೆಯಬೇಕು, ಐಎಸ್‌ಐ ಗುರುತು ಇರಬೇಕು. ಈ ಒಣ ಸೆಲ್ಲುಗಳ ಭಾರತೀಯ ಮಾನಕದ ಸಂಖ್ಯೆ 8144.

ಗ್ಯಾಸ್ ಗೀಸರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಚ್ಚಲ ಹಂಡೆಯ ಜಾಗಕ್ಕೆ ಇದು ಬಂದ ಮನೆಗಳಲ್ಲಿ ಸೆಲ್ಲಿನ ಹೆಸರಲ್ಲಿ ದುಡ್ಡು ಹೋಗುವುದು ಇಲ್ಲೇ ಹೆಚ್ಚು. ಡಬ್ಬಿಯ ತಳದಲ್ಲಿ ಎಳೆದರೆ ಬರುವ ಖಾನೆಯೊಳಗೆ ಎರಡು ದೊಡ್ಡ ಸೆಲ್ಲು, ಒಟ್ಟು 3 ವೋಲ್ಟು. ನಲ್ಲಿ ತಿರುಗಿಸಿದಾಗ ನೀರಿನ ಒತ್ತಡಕ್ಕೆ ಒಂದು ಸಣ್ಣ ಸ್ವಿಚ್ಚು ಒತ್ತುತ್ತದೆ. ಸೆಲ್ಲಿನ ಕರೆಂಟು ಕಿಡಿ ಹಾರಿಸುತ್ತದೆ, ಜೊತೆಗೆ ಗ್ಯಾಸಿನ ವಾಲ್ವನ್ನೂ ತೆರೆದು ಸ್ನಾನ ಮುಗಿಯುವ ತನಕ ಹಿಡಿದಿಟ್ಟುಕೊಳ್ಳುತ್ತದೆ. ಈ ಎರಡನೇ ಕೆಲಸ ಬಹಳ ಜನರ ಗಮನಕ್ಕೆ ಬರುವುದಿಲ್ಲ. 'ಟಿಕ್ ಟಿಕ್ ಸದ್ದು ಬರ್ತಿದೆ, ಹಾಗಾಗಿ ಸೆಲ್ಲು ಸರಿ ಇದೆ' ಅಂದುಕೊಂಡು ಮೆಕ್ಯಾನಿಕ್‌ಗೆ ಫೋನು ಮಾಡುತ್ತಾರೆ. ಕಿಡಿಗೆ ಸಾಕಾಗುವ ಸೆಲ್ಲು ವಾಲ್ವಿಗೆ ಸಾಲದೆ ಇರಬಹುದು. ಲಕ್ಷಣ ಹೀಗೆ: ಟಿಕ್ ಟಿಕ್ ನಿಧಾನವಾಗುತ್ತದೆ, ಅಥವಾ ಬೆಂಕಿ ಹೊತ್ತಿಕೊಂಡು ಆರಿಹೋಗುತ್ತದೆ, ಅಥವಾ ಸದ್ದಷ್ಟೇ ಬಂದು ಹೊತ್ತುವುದೇ ಇಲ್ಲ. ಸದ್ದೇ ಇಲ್ಲದಿದ್ದರೆ ಸೆಲ್ಲಿನ ಜೊತೆಗೆ ನೀರಿನ ಒತ್ತಡವನ್ನೂ ನೋಡಬೇಕು. ಟ್ಯಾಂಕು ಎತ್ತರದಲ್ಲಿಲ್ಲದ ಮನೆಗಳಲ್ಲಿ ಸ್ವಿಚ್ಚು ಒತ್ತುವುದೇ ಇಲ್ಲ. ಮೆಕ್ಯಾನಿಕ್ ಬಂದು ಎರಡು ಸೆಲ್ಲು ಬದಲಿಸಿ ಹೋದರೂ ಬಂದು ಹೋಗಿದ್ದಕ್ಕೆ ಚಾರ್ಜು ಕೊಡಲೇಬೇಕು. ಆದ್ದರಿಂದ ಮೊದಲು ಎರಡೂ ಸೆಲ್ಲು ಒಟ್ಟಿಗೆ ಬದಲಿಸಿ, ಖಾನೆಯ ತಗಡನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸಿ. ಬಚ್ಚಲ ಆವಿಗೆ ಅಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಸೆಲ್ಲು ಹೊಸದಾದರೂ ಕಿಲುಬಿನ ಮೂಲಕ ಕರೆಂಟು ದಾಟುವುದಿಲ್ಲ. ಪುಷ್ಯ ಮಾಸದ ಚಳಿಗೆ ಸೆಲ್ಲಿನ ಒಳಗಿನ ಕ್ರಿಯೆ ಮಂದವಾಗುವುದರಿಂದ ಬೆಳಗ್ಗೆ ಕೈಕೊಟ್ಟ ಗೀಸರ್ ಮಧ್ಯಾಹ್ನ ಹೊತ್ತಿಕೊಳ್ಳುವುದೂ ಉಂಟು. ದೊಡ್ಡ ಕುಟುಂಬವಾದರೆ ಇಲ್ಲಿ ಆಲ್ಕಲೈನ್ ಹಾಕುವುದೇ ಲೇಸು, ಇಬ್ಬರೇ ಇರುವ ಮನೆಗೆ ಸಾದಾ ಜಿಂಕ್ ಕಾರ್ಬನ್ ಸೆಲ್ಲು ಸಾಕು.

ಇನ್ನು ದುಡ್ಡು ಉಳಿಸುವ ಉಪಾಯಗಳಿಗೆ ಬರೋಣ. ಸೆಲ್ಲನ್ನು ಬಿಸಿಲಿಗೆ ಇಡುವುದು ಎಲ್ಲರಿಗೂ ಗೊತ್ತಿರುವ ಹಳೆಯ ವಿದ್ಯೆ. ಅಂಗಳದಲ್ಲಿ ಅಡಿಕೆ ಪಕ್ಕ ಎರಡು ಸೆಲ್ಲು ಒಣಗುತ್ತಿದ್ದರೆ ಯಾರೂ ಅಚ್ಚರಿ ಪಡುವುದಿಲ್ಲ. ಇದು ಪೂರ್ತಿ ಸುಳ್ಳಲ್ಲ. ಬಿಸಿಗೆ ಒಳಗಿನ ಅಯಾನುಗಳ ಓಡಾಟ ಚುರುಕಾಗುತ್ತದೆ, ಬಿಡುವು ಸಿಕ್ಕಿದ್ದಕ್ಕೆ ಒರತೆಯೂ ಒಂದಿಷ್ಟು ಒಸರಿರುತ್ತದೆ. ಟಾರ್ಚು ಹತ್ತು ನಿಮಿಷ ಚೆನ್ನಾಗಿ ಉರಿಯುತ್ತದೆ. ಆದರೆ ಬಿಸಿಲು ಹೊಸ ಶಕ್ತಿ ತುಂಬುವುದಿಲ್ಲ, ಒಳಗೆ ಉಳಿದದ್ದನ್ನೇ ಬೇಗ ಹೊರಗೆ ತರುತ್ತದೆ. ಸವೆದ ಡಬ್ಬಿ ಬಿಸಿಗೆ ಬೇಗ ಸೋರುತ್ತದೆ ಕೂಡ. ತೋಟದಿಂದ ಮನೆ ಮುಟ್ಟಲು ಉಪಯೋಗವಾದೀತು, ಉಳಿತಾಯದ ಲೆಕ್ಕಕ್ಕೆ ಬಾರದು. ಒಲೆದಂಡೆಯ ಮೇಲಂತೂ ಇಡಲೇಬಾರದು. ಆಲ್ಕಲೈನ್, ಲಿಥಿಯಮ್ ಸೆಲ್ಲುಗಳಿಗೆ ಈ ವಿದ್ಯೆ ಬೇಡವೇ ಬೇಡ.

ಫ್ರಿಜ್ಜಿನಲ್ಲಿಟ್ಟರೆ ಬಾಳಿಕೆ ಹೆಚ್ಚು ಅನ್ನುತ್ತಾರೆ. ಆಲ್ಕಲೈನ್ ಮನೆಯ ಸಾಧಾರಣ ತಾಪದಲ್ಲಿ ವರ್ಷಕ್ಕೆ ಕಳೆದುಕೊಳ್ಳುವುದೇ ನೂರಕ್ಕೆ ಎರಡು-ಮೂರರಷ್ಟು. ಅದನ್ನು ಉಳಿಸಲು ಫ್ರಿಜ್ಜು ಬೇಕಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುಮಾರಿಗೆ ಮಳೆ ಬೀಳುವ ಆಗುಂಬೆ ಕಡೆಯ ಹವೆಯಲ್ಲಿ ತಣ್ಣನೆಯ ಸೆಲ್ಲು ಹೊರಗೆ ತೆಗೆದ ಕೂಡಲೇ ಮೈಯೆಲ್ಲ ಬೆವರುತ್ತದೆ, ಆ ನೀರು ತುದಿಗಳಿಗೆ ತುಕ್ಕು ಹಿಡಿಸುತ್ತದೆ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಒಣಗಿಸಿದ ಅಕ್ಕಿ ಒಂದು ಹಿಡಿ ಗಂಟು ಕಟ್ಟಿ ಹಾಕಿ ಅಟ್ಟಕ್ಕಲ್ಲ, ಕೋಣೆಯ ಕಪಾಟಿನಲ್ಲಿಡಿ. ಹೆಂಚಿನಡಿಯ ಅಟ್ಟ ಏಪ್ರಿಲಿನಲ್ಲಿ ಕಾದ ಕಾವಲಿ.

ಎತ್ತಿ ಬಿಟ್ಟು ನೋಡುವ ಪರೀಕ್ಷೆ ಆಲ್ಕಲೈನ್‌ಗೆ ಮಾತ್ರ. ಎರಡು-ಮೂರು ಅಂಗುಲ ಮೇಲಿಂದ ನೇರವಾಗಿ ಗಟ್ಟಿ ನೆಲಕ್ಕೆ ಬಿಟ್ಟರೆ ಹೊಸ ಸೆಲ್ಲು ಥಪ್ ಎಂದು ಕೂರುತ್ತದೆ, ಬಳಸಿದ್ದು ಪುಟಿಯುತ್ತದೆ. ಒಳಗಿನ ಸತು ಪುಡಿ ಆಕ್ಸೈಡಾಗಿ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುವುದು ಇದಕ್ಕೆ ಕಾರಣ. ಆದರೆ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಅಳೆದು ನೋಡಿದಾಗ ಪುಟಿತ ಅರ್ಧ ಚಾರ್ಜು ಇರುವಾಗಲೇ ಗರಿಷ್ಠಕ್ಕೆ ಹತ್ತಿರ ಬಂದಿತ್ತು. ಹಾಗಾಗಿ ಪುಟಿದದ್ದೆಲ್ಲ ಸತ್ತದ್ದಲ್ಲ. ಹೀಗೆ ನೋಡಿ ಬಿಸಾಡಿದರೆ ಅರ್ಧ ದುಡ್ಡು ಬಿಸಾಡಿದಂತೆ. ಹೊಸದೂ ಹಳೆಯದೂ ಒಂದೇ ಡ್ರಾಯರಿನಲ್ಲಿ ಬೆರೆತುಹೋದಾಗ ಬೇರ್ಪಡಿಸಲು ಅನುಕೂಲ, ಅಷ್ಟೇ.

ಸೆಲ್ಲಿಗೆ ಮೊಳೆಯಿಂದ ತೂತು ಕೊರೆದು ಉಪ್ಪುನೀರು ಹನಿಸುವುದು, ಹಲ್ಲಿನಿಂದ ಕಚ್ಚಿ ಹಾಕುವುದು, ರೀಚಾರ್ಜ್ ಆಗದ ಸೆಲ್ಲನ್ನು ಚಾರ್ಜರಿಗೆ ಸಿಕ್ಕಿಸುವುದು ಈ ಮೂರನ್ನೂ ಬಿಡಿ. ಮೊದಲೆರಡರಿಂದ ಒಂದಿಷ್ಟು ನಿಮಿಷದ ಬೆಳಕಿಗೆ ಟಾರ್ಚೇ ಹಾಳಾಗುತ್ತದೆ; ಮೂರನೆಯದರಲ್ಲಿ ಒಳಗೆ ಅನಿಲ ತುಂಬಿ ಸೆಲ್ಲು ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ.

ಹಳೆಯದರ ಜೊತೆ ಹೊಸದು ಸೇರಿಸಿ ಹಾಕುವುದೂ ಉಳಿತಾಯದಂತೆ ಕಾಣುತ್ತದೆ. ಮೂರು ಸೆಲ್ಲಿನ ಟಾರ್ಚಿನಲ್ಲಿ ಒಂದೇ ಒಂದು ಬದಲಿಸಿದಿರಿ ಅನ್ನಿ. ಸಾಲಿನಲ್ಲಿರುವ ಎಲ್ಲದರ ಮೂಲಕವೂ ಹರಿಯುವುದು ಒಂದೇ ಕರೆಂಟು. ಬಲವಾದದ್ದು ತಳ್ಳುತ್ತಲೇ ಇರುತ್ತದೆ, ಬಡವಾದದ್ದು ಮೊದಲು ಸೊನ್ನೆಗೆ ಬಂದು ಆಮೇಲೆ ಉಲ್ಟಾ ಧ್ರುವಕ್ಕೆ ತಿರುಗಿ ಸೋರಲು ಶುರುಮಾಡುತ್ತದೆ. ಹೊಸ ಸೆಲ್ಲಿನ ಹಣವೂ ಹೋಯಿತು, ಟಾರ್ಚಿನ ಸ್ಪ್ರಿಂಗೂ ಹೋಯಿತು. ಜಿಂಕ್ ಕಾರ್ಬನ್ ಜೊತೆ ಆಲ್ಕಲೈನ್ ಬೆರೆಸಿದರೂ ಇದೇ ಗತಿ.

ನಿಜವಾಗಿ ಕಾಸು ಉಳಿಸುವ ಉಪಾಯವೊಂದಿದೆ: ಸೆಲ್ಲನ್ನು ಮೇಲಿನ ಕೆಲಸದಿಂದ ಕೆಳಗಿನ ಕೆಲಸಕ್ಕೆ ಇಳಿಸುವುದು. ಬಿಪಿ ಮೆಷಿನ್ನು ಬೇಡವೆಂದ ನಾಲ್ಕು ಆಲ್ಕಲೈನ್ ಸೆಲ್ಲುಗಳಲ್ಲಿ ಗಡಿಯಾರಕ್ಕೆ, ರಿಮೋಟಿಗೆ ತಿಂಗಳುಗಟ್ಟಲೆ ಸಾಕಾಗುವಷ್ಟು ಉಳಿದಿರುತ್ತದೆ. ಎಷ್ಟು ಉಳಿದಿದೆ ತಿಳಿಯಲು ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಅಗ್ಗದ್ದೇ ಆದೀತು. ಸುಮ್ಮನೆ ವೋಲ್ಟು ನೋಡಿದರೆ ಮೋಸ ಹೋಗುತ್ತೀರಿ, ಬಿಡುವಿನಲ್ಲಿದ್ದ ಸೆಲ್ಲು 1.4 ತೋರಿಸಿ ಟಾರ್ಚಿಗೆ ಹಾಕಿದರೆ ಮಂಕಾಗುತ್ತದೆ. ಮೇಲೆ ನೀರು ಕಾಣುವ ಬಾವಿಗೂ ಒರತೆ ಇರಬೇಕೆಂದಿಲ್ಲ. ಸೆಲ್ಲಿಗೆ ಕೆಲಸ ಕೊಟ್ಟೇ ಅಳೆಯಬೇಕು: 10 ಓಮಿನ ಅರ್ಧ ವ್ಯಾಟ್ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಒಂದನ್ನು ಸೆಲ್ಲಿನ ಎರಡು ತುದಿಗೆ ತಾಗಿಸಿ, ಅದೇ ತುದಿಗಳಲ್ಲಿ ಮೀಟರನ್ನು 2 ಅಥವಾ 20 ವೋಲ್ಟಿನ ಡಿಸಿ ಸ್ಥಾನದಲ್ಲಿಟ್ಟು ಮೂರು ಸೆಕೆಂಡು ಹಿಡಿಯಿರಿ. 1.3ರ ಮೇಲಿದ್ದರೆ ಟಾರ್ಚಿಗೆ, ಆಟಿಕೆಗೆ ಆಗುತ್ತದೆ. 1.1ರಿಂದ 1.3 ಇದ್ದರೆ ಗಡಿಯಾರಕ್ಕೆ. ಅದಕ್ಕೂ ಕೆಳಗಾದರೆ ಅದರ ಆಯುಸ್ಸು ಮುಗಿಯಿತು. ಸವೆದ ಜಿಂಕ್ ಕಾರ್ಬನ್ ಮಾತ್ರ ಹೀಗೆ ಇಳಿಸಬೇಡಿ. ತೆಳುವಾದ ಡಬ್ಬಿ ಗಡಿಯಾರದ ಬೆನ್ನಲ್ಲಿ ಯಾರಿಗೂ ಕಾಣದೆ ಸೋರುತ್ತಿರುತ್ತದೆ. ಮಳೆ ಹಿಂದೆಗೆದು ಮನೆ ಒಣಗುವ ಭೂಮಿ ಹುಣ್ಣಿಮೆ ಹೊತ್ತಿಗೆ ಎಲ್ಲ ಗಡಿಯಾರದ ಸೆಲ್ಲನ್ನೂ ಒಮ್ಮೆ ತೆಗೆದು ನೋಡುವುದು ಒಳ್ಳೆಯ ರೂಢಿ.

ಸೋರಿದರೆ ಎಲ್ಲದಕ್ಕೂ ಒಂದೇ ಮದ್ದಲ್ಲ. ಆಲ್ಕಲೈನ್ ಸೋರಿದ ಬಿಳಿ ಪುಡಿ ಕ್ಷಾರ. ಕೆಲವು ಹನಿ ವಿನೆಗರ್ ಅಥವಾ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ. ಜಿಂಕ್ ಕಾರ್ಬನ್ ಸೋರಿದ ಕಂದು ಅಂಟು ಹುಳಿ ಸ್ವಭಾವದ್ದು. ಅದಕ್ಕೆ ಅಡುಗೆ ಸೋಡಾ ಒದ್ದೆ ಮಾಡಿ ಹಚ್ಚಬೇಕು. ನಂತರ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಒಂದು ದಿನ ಗಾಳಿಗೆ ಬಿಟ್ಟು ಹೊಸ ಸೆಲ್ಲು. ಬರಿಗೈಯಲ್ಲಿ ಮುಟ್ಟಿದ್ದರೆ ಕಣ್ಣು ಉಜ್ಜುವ ಮೊದಲು ಕೈ ತೊಳೆಯಿರಿ.

ರೀಚಾರ್ಜ್ ಸೆಲ್ಲು ಎಲ್ಲರಿಗೂ ಲಾಭವೆಂಬ ಮಾತನ್ನು ಲೆಕ್ಕ ಹಾಕಿಯೇ ನಂಬಬೇಕು. ಚಾರ್ಜರು, ನಾಲ್ಕು ನಿಕ್ಕೆಲ್ ಸೆಲ್ಲು ಸೇರಿ 1,500 ರೂಪಾಯಿ, ಆಲ್ಕಲೈನ್ ಒಂದಕ್ಕೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಹಾಕಿದ ದುಡ್ಡು ಹುಟ್ಟಲು 38 ಆಲ್ಕಲೈನ್ ಉಳಿಯಬೇಕು. ತಿಂಗಳಿಗೆ ನಾಲ್ಕು ಖರ್ಚಾಗುವ, ಮಕ್ಕಳಿರುವ ಮನೆಗೆ ಹತ್ತು ತಿಂಗಳಲ್ಲಿ ಹುಟ್ಟುತ್ತದೆ. ಗಡಿಯಾರ-ರಿಮೋಟು ಬಿಟ್ಟರೆ ಏನಿಲ್ಲದ ಮನೆಗೆ ಹತ್ತು ವರ್ಷವಾದರೂ ಹುಟ್ಟುವುದಿಲ್ಲ. ಚಾರ್ಜಿನ ಕರೆಂಟು ಲೆಕ್ಕಕ್ಕಿಲ್ಲ, ಒಂದು ಯೂನಿಟ್ಟಿನಲ್ಲಿ ಸುಮಾರು 200 ಪೆನ್ಸಿಲ್ ಸೆಲ್ಲು ತುಂಬಬಹುದು. ಕೊಳ್ಳುವುದಾದರೆ ತಿಂಗಳುಗಟ್ಟಲೆ ಚಾರ್ಜು ಹಿಡಿದಿಡುವ, 'ರೆಡಿ ಟು ಯೂಸ್' ಎಂದು ಬರೆದ ಮಾದರಿ ಕೊಳ್ಳಿ. ಇವು 1.5 ಅಲ್ಲ, 1.2 ವೋಲ್ಟು, ಕೆಲವು ಗೀಸರ್, ಕೆಲವು ಗಡಿಯಾರ ಇವನ್ನು ಒಪ್ಪುವುದಿಲ್ಲ.

ಈಚೆಗೆ ಮೊಬೈಲ್ ಚಾರ್ಜರಿನ ತಂತಿಯಿಂದಲೇ ಚಾರ್ಜಾಗುವ 1.5 ವೋಲ್ಟಿನ ಲಿಥಿಯಮ್ ಸೆಲ್ಲು ಬಂದಿವೆ. ಕವಚದ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. 2600 ಎಂದಿದ್ದು ಪಕ್ಕದಲ್ಲಿ ಮಿಲಿವ್ಯಾಟ್-ಅವರ್ ಅಂತಿದ್ದರೆ 1.5ರಿಂದ ಭಾಗಿಸಿ, ಸಿಗುವುದು 1,733 ಮಿಲಿ ಆಂಪಿಯರ್-ಅವರ್. ತೋಟ ಕಾಯುವವರ ತಲೆ ಟಾರ್ಚಿಗೆ ಹಾಕುವ, 18650 ಎಂಬ ಅಳತೆಯ ರೀಚಾರ್ಜ್ ಲಿಥಿಯಮ್ ಸೆಲ್ಲಿನಲ್ಲಿ ಸುಳ್ಳು ಇನ್ನೂ ದೊಡ್ಡದು. 9900 ಮಿಲಿ ಆಂಪಿಯರ್-ಅವರ್ ಎಂದು ಬರೆದವು ಸಂತೆಯಲ್ಲೂ ಸಿಗುತ್ತವೆ, ಆದರೆ ಒಳ್ಳೆಯ ಕಂಪನಿಯ ಸೆಲ್ಲೇ 3,500ರ ಆಸುಪಾಸು. ನಿಜವಾದದ್ದು 45-50 ಗ್ರಾಂ ತೂಗುತ್ತದೆ. ತಕ್ಕಡಿಗೆ ಹಾಕಿದರೆ 30 ಗ್ರಾಂ ಬಂದ ಸೆಲ್ಲಿಗೆ ಚೌಕಾಸಿ ಮಾಡುವುದೂ ವ್ಯರ್ಥ.

ಇನ್ವರ್ಟರ್ ಬ್ಯಾಟರಿಗೆ ಮಳೆನೀರು ಹಾಕಬಹುದೇ ಎಂಬುದು ಮಲೆನಾಡಿನದೇ ಪ್ರಶ್ನೆ. ಬಾನಿನಿಂದ ಬೀಳುವಾಗ ಶುದ್ಧವೇ, ಆದರೆ ಹೆಂಚು, ತಗಡಿನ ದೋಣಿ, ಪಾಚಿ ದಾಟಿ ಕೊಡಕ್ಕೆ ಬರುವಾಗ ಕಬ್ಬಿಣ, ಧೂಳು ಕಟ್ಟಿಕೊಂಡು ಬರುತ್ತದೆ. ಇದರಿಂದ ಬ್ಯಾಟರಿಯೊಳಗಿನ ಸೀಸದ ಪ್ಲೇಟುಗಳ ಆಯುಸ್ಸು ತಗ್ಗುತ್ತದೆ. ಫಿಲ್ಟರಿನ ನೀರಿನಲ್ಲೂ ಲವಣ ಉಳಿದಿರುತ್ತದೆ. ಸಾವಿರಾರು ರೂಪಾಯಿಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಕ್ಯಾನಿನ ದುಡ್ಡು ಉಳಿಸುವುದು ಬೇಡ. ಆಸಿಡ್ ಸೇರಿಸಲೇಬೇಡಿ, ಇಂಗುವುದು ನೀರು ಮಾತ್ರ.

ಗುಂಡಿ ಸೆಲ್ಲು (ಬಟನ್ ಸೆಲ್ಲು) ಕೊಳ್ಳುವಾಗ ಸಂಖ್ಯೆ ಬರೆದುಕೊಂಡು ಹೋಗಿ. ಸಿಆರ್2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 2025 ತಂದು ಹಾಕಿದರೆ ಸಡಿಲಾಗಿ ಶುಗರ್ ಮೀಟರು ಆನ್-ಆಫ್ ಆಡುತ್ತದೆ. ಎಲ್‌ಆರ್44, ಎಜಿ13, ಎ76 ಮೂರೂ ಒಂದೇ, ಹೆಸರು ಬದಲಾದ ಮಾತ್ರಕ್ಕೆ ಹೆಚ್ಚು ಕೊಡಬೇಕಿಲ್ಲ. ಬಿಡಿಯಾಗಿ ಕೊಳ್ಳುವುದಕ್ಕಿಂತ ಐದರ ಸ್ಟ್ರಿಪ್ಪು ಅಗ್ಗ. ಆದರೆ ಉಳಿದ ನಾಲ್ಕನ್ನು ಮಕ್ಕಳ ಕೈಗೆ ಸಿಗದಲ್ಲಿಡಿ. ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯವಾಗುತ್ತದೆ. ವಾಂತಿ ಮಾಡಿಸುತ್ತಾ ಕೂರದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಬೇಕು. ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವಷ್ಟರಲ್ಲೇ ಆ ಎರಡು ಗಂಟೆ ಕಳೆದಿರುತ್ತದೆ, ಹತ್ತಿರದ ತಾಲ್ಲೂಕು ಆಸ್ಪತ್ರೆಯೇ ಮೊದಲು.

ಸತ್ತ ಸೆಲ್ಲಿಗೂ ಹಿಂದೆ ಬೆಲೆಯಿತ್ತು. ಒಡೆದು ಕರಿ ತೆಗೆದು ಸಗಣಿಗೆ ಕಲಸಿ ನೆಲ ಸಾರಿಸುತ್ತಿದ್ದರು, ಕಾರ್ಬನ್ ಕಡ್ಡಿ ಮಕ್ಕಳ ಪಾಲಿಗೆ. ಮ್ಯಾಂಗನೀಸಿನ ಆ ಧೂಳು ಉಸಿರಿಗೆ ಒಳ್ಳೆಯದಲ್ಲ. ಅದೇ ಅಭ್ಯಾಸದಲ್ಲಿ ಆಲ್ಕಲೈನ್ ಒಡೆದರೆ ಚರ್ಮ ಸುಡುವ ಕ್ಷಾರ ಕೈಗೆ ಬರುತ್ತದೆ. ಬಚ್ಚಲೊಲೆಗೆ ಎಸೆದರೆ ಸಿಡಿಯುತ್ತದೆ, ಗೊಬ್ಬರಗುಂಡಿಗೆ ಎಸೆದರೆ ತೋಟಕ್ಕೇ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಮನೆಬಳಕೆಯ ಸಣ್ಣ ಸೆಲ್ಲುಗಳನ್ನೂ ಕಸದ ಜೊತೆ ಬೆರೆಸುವಂತಿಲ್ಲ, ವಾಪಸು ಪಡೆಯುವ ಹೊಣೆ ತಯಾರಿಸಿದವರದ್ದು. ಒಂದು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಹಾಕಿ, ಲಿಥಿಯಮ್ ಸೆಲ್ಲು ಮತ್ತು 9 ವೋಲ್ಟಿನ ಚೌಕ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ, ತುಂಬಿದಾಗ ಪೇಟೆಗೆ ಹೋಗುವವರ ಕೈಯಲ್ಲಿ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಕಳಿಸಬಹುದು.